ಘಟ್ಟಕ್ಕೆ ಬೈಗುಳ, ಕಿವಿಗೆ ಎಣ್ಣೆ

ಕಿವಿ ಪರೀಕ್ಷೆಯ ಕೋಣೆಗೆ ಹೊಸದಾಗಿ ಕೆಲಸಕ್ಕೆ ಬರುವವರು ಒಂದು ಮಾತು ತಿಳಿದುಕೊಂಡು ಬಂದರೆ ಒಳ್ಳೆಯದು. ಈ ಕೆಲಸದಲ್ಲಿ ಕಿವಿಗಳು ಕೊಡುವ ತೊಂದರೆ ಕಡಿಮೆ, ಬಾಯಿಗಳು ಕೊಡುವುದೇ ಹೆಚ್ಚು. ಕಿವಿ ಪಾಪ, ಕೇಳಿದರೆ ಕೇಳಿತು ಅನ್ನುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಅದರ ಪಕ್ಕದಲ್ಲೇ ಇರುವ ಬಾಯಿ ಮಾತ್ರ "ಏನೂ ಆಗಿಲ್ಲರಿ" ಎಂದು ಶುರು ಮಾಡುತ್ತದೆ. ಜೊತೆಗೆ ಬಂದವರ ಬಾಯಿಗಳ ವಿಷಯ ಬೇರೆಯೇ ಇದೆ.

ಬೆಳಗಾವಿಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷೆ ಮಾಡುವವಳಾಗಿ ದುಡಿದು ಈಚೆಗೆ ನಿವೃತ್ತಳಾದೆ. ನನ್ನ ಕೆಲಸ ಇಷ್ಟೇ: ರೋಗಿಯನ್ನು ಸಪ್ಪಳ ನುಗ್ಗದ ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ಸ್ವರಗಳನ್ನು ಕೇಳಿಸಿ, ಕೇಳಿದಾಗ ಬೆರಳೆತ್ತಲು ಹೇಳುವುದು, ಬಂದದ್ದನ್ನು ಗೆರೆ ಎಳೆದು ಡಾಕ್ಟರರ ಕೈಗೆ ಕೊಡುವುದು. ಕೇಳಲು ಸುಲಭ. ಆ ಸಪ್ಪಳ ನುಗ್ಗದ ಕೋಣೆಯನ್ನು ನಮ್ಮ ಆಡಳಿತಾಧಿಕಾರಿಗಳು ಹಲವು ವರ್ಷ ಪ್ಲಾಸ್ಟಿಕ್ ಕುರ್ಚಿ ಪೇರಿಸಲು, ಆಮೇಲೆ ಗುಟ್ಟಿನ ಫೋನ್ ಮಾತಾಡಲು ಬಳಸಿದರು. ಒಮ್ಮೆ ನನಗೆ ಸೆಕೆಯಾಗುತ್ತದೆಂದು ದಯೆ ತೋರಿಸಿ, ಗೊರ್ ಎನ್ನುವ ಹಳೆಯ ಏರ್‌ಕಂಡಿಷನರ್ ಒಂದನ್ನು ಅದಕ್ಕೇ ಕೂರಿಸಿದರು. ಆ ವಾರ ಬಂದ ರೋಗಿಗಳೆಲ್ಲ ಗೆರೆಯ ಮೇಲೆ ಕಿವುಡರಾದರು. ಅಧಿಕಾರಿಗಳು ಮಾತ್ರ "ತಂಪ ಆತಿಲ್ರಿ ಅಕ್ಕಾರ?" ಎಂದು ಕೇಳಿ ಖುಷಿಪಟ್ಟರು.

ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಒಂದು ಬಲಗಿವಿಯ ಸಂಗತಿ. ಅದು ಖಾನಾಪುರದ ಪರಶುರಾಮನದು. ಕುರಿ ಸಾಕುವ ಮನೆತನದವನಾದರೂ ಸಣ್ಣಂದಿನಿಂದ ಆಟೋ ನಗರದ ಗ್ಯಾರೇಜು ಸೇರಿ ಡೀಸೆಲ್ ಎಂಜಿನ್ ಮಿಸ್ತ್ರಿಯಾದವನು. ಎಂಜಿನ್ ಬಿಚ್ಚದೆ, ಬರೀ ಕೇಳಿ, ಒಳಗೆ ಏನು ಕೆಟ್ಟಿದೆ ಎಂದು ಹೇಳುವುದು ಅವನ ಕಸುಬು. ಹಳೆಯ ಲಾರಿ, ಟ್ರ್ಯಾಕ್ಟರುಗಳು ಅವನ ಕಿವಿಗಾಗಿಯೇ ದೂರದಿಂದ ಆ ಗ್ಯಾರೇಜಿಗೆ ಬರುತ್ತಿದ್ದವು. ಆ ಕಿವಿ ಹೋದರೆ ಅವನು ನಟ್ಟು ಬಿಗಿಯುವ ಹತ್ತು ಜನರ ನಡುವೆ ಹನ್ನೊಂದನೆಯವನು. ಅಂಥ ಕಿವಿಯನ್ನು ಅವನು ಒಂದು ಭಾನುವಾರ ಗೋವಾಕ್ಕೆ ಒಯ್ದು, ಸಮುದ್ರದಲ್ಲಿ ಅದ್ದಿ ತಂದ. ಅವನು ಆಮೇಲೆ ಮಾಡಿದ ತಪ್ಪು ಎಂಥದೆಂದು ತಿಳಿಯಬೇಕಾದರೆ ಮೊದಲು ಬೇರೆ ಒಂದೆರಡು ಕಿವಿಗಳನ್ನು ನೋಡಬೇಕು.

ನಾನು ಕೆಲಸಕ್ಕೆ ಸೇರಿದಾಗ ವಿಭಾಗದ ಮುಖ್ಯಸ್ಥರಾಗಿದ್ದವರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಗಾತ್ರದಲ್ಲಿ ಸಣ್ಣವರು. ಕೋಪ ಬಂದರೆ ಕನ್ನಡಕ ತೆಗೆದು ಮೇಜಿನ ಮೇಲಿಡುವರು. ಕನ್ನಡಕ ಮೇಜಿಗೆ ಬಂತೆಂದರೆ ನಾವು ಉಸಿರು ಬಿಗಿಹಿಡಿಯುವೆವು. ಆಗ ಶಹಾಪುರದ ಮಗ್ಗದ ಅಜ್ಜಿಯೊಬ್ಬಳು ಬಂದಿದ್ದಳು. ನಾನೂ ಶಹಾಪುರದವಳೇ. ಅಲ್ಲಿನ ಪವರ್‌ಲೂಮ್ ಮನೆಗಳಲ್ಲಿ ಜನ ಮುಂಚಿನಿಂದಲೂ ಮಾತಾಡುವುದಿಲ್ಲ, ಕೂಗುತ್ತಾರೆ. ಕಿವುಡು ಅಲ್ಲಿ ಕಾಯಿಲೆಯಲ್ಲ, ವಯಸ್ಸು. ಈ ಅಜ್ಜಿಯ ಎಡಗಿವಿ ಪೂರ್ತಿ ಸತ್ತಿತ್ತು. ಅಂಥ ಕಿವಿಗೆ ಯಂತ್ರದ ಅಂಗಡಿಯವನೊಬ್ಬ ಸೊಗಸಾದ ಶ್ರವಣಯಂತ್ರ ಸಿಕ್ಕಿಸಿ ಕಳಿಸಿದ್ದ.

"ಅಂವಾ ಕಿವಿ ಹಿಂದಿನ ಎಲಬಿಗೆ ಏನೋ ಹಚ್ಚಿದ ನೋಡವಾ, ಕೇಳತಿತ್ತು. ಮಶೀನ್ ಹಾಕ್ಕೊಂಡ್ರ ಸುಡಗಾಡ ಏನೂ ಕೇಳವಲ್ದು" ಎಂದಳು ಅಜ್ಜಿ.

ದೊಡ್ಡ ಡಾಕ್ಟರ ಕನ್ನಡಕ ಮೇಜಿಗೆ ಬಂತು. ಅಂಗಡಿಯವನು ಎದುರಿಗಿಲ್ಲದ ಕಾರಣ ಬೈಗುಳ ನಮಗೆ ಸಿಕ್ಕಿತು. "ತಲಿಬುರಡಿ ಅಂದ್ರ ಏನ ತಿಳದೀರಿ? ನಡುವ ಗ್ವಾಡಿ ಕಟ್ಟೈತೇನು? ಈ ಬಾಜು ಬಾರಿಸಿದ್ರ ಆ ಬಾಜಿನ ಕಿವಿ ಕೇಳತೈತಿ. ಎಲಬಿನ ಮ್ಯಾಲಿಂದ ಸಪ್ಪಳ ಎರಡೂ ಮನಿಗೆ ಹೋಗತೈತಿ. ಛಲೋ ಕಿವಿ ಬಾಯಿ ಮುಚ್ಚಸಲಾರದ ಕೆಟ್ಟ ಕಿವೀನ ಸಾಕ್ಷಿ ಕೇಳಬ್ಯಾಡ್ರಿ!"

ಒಳ್ಳೆಯ ಕಿವಿಯ ಬಾಯಿ ಮುಚ್ಚಿಸುವುದೆಂದರೆ, ಅದರೊಳಗೆ ಮಳೆ ಸುರಿದಂಥ ಬೇರೆ ಸಪ್ಪಳ ತುಂಬಿ ಅದನ್ನು ಗದ್ದಲದಲ್ಲಿ ಕೂರಿಸುವುದು. ಆಮೇಲೆ ಕೆಟ್ಟ ಕಿವಿ ತಾನು ಕೇಳಿದ್ದನ್ನು ಮಾತ್ರ ಹೇಳುತ್ತದೆ. ಈಗಿನ ಕಂಪ್ಯೂಟರ್ ಯಂತ್ರದಲ್ಲಿ ಅದಕ್ಕೊಂದು ಗುಂಡಿ ಇದೆ. ಆಗ ದೊಡ್ಡ ಡಾಕ್ಟರ ಹತ್ತಿರ ಚಾವಿ ಕೊಟ್ಟರೆ ಗಿರಗಿರ ಎನ್ನುವ ಒಂದು ತಗಡಿನ ಪೆಟ್ಟಿಗೆ ಇತ್ತು. ಹೊಸ ಹುಡುಗಿಯರು ಅದನ್ನು ಆಟದ ಸಾಮಾನು ಎಂದು ನಕ್ಕರು. ಗುಂಡಿ ಒತ್ತಲು ಮರೆತು ಸತ್ತ ಕಿವಿಗಳಿಗೆ ಜೀವ ಕೊಟ್ಟವರೂ ಅವರೇ.

ಅದು ಮಗ್ಗದವರ ಕಾಲ. ಅವರು ಹತ್ತು ವರ್ಷ ತಡೆದು ಬರುತ್ತಿದ್ದರು, ಬಂದರೂ ದೂರು ಹೇಳುತ್ತಿರಲಿಲ್ಲ. ಆಮೇಲೆ ಶುರುವಾಯಿತು ನೋಡಿ, ಸೋಮವಾರದ ಕಿವಿಗಳ ಕಾಲ. ನಮ್ಮ ಊರಿನವರಿಗೆ ಗೋವಾ ಎಂದರೆ ಪಕ್ಕದ ಓಣಿ. ಮೊದಲು ಮೀನು ತಿಂದು ಬರುತ್ತಿದ್ದರು. ಈಗ ಮೀನು ನೋಡಲು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುತ್ತಾರೆ. ಈಜು ಬರಬೇಕಾಗಿಲ್ಲವಂತೆ. ದೋಣಿಯ ಎಂಜಿನ್ ಗದ್ದಲದಲ್ಲಿ ಯಾರೋ ಹಿಂದಿಯಲ್ಲಿ ಚಹಾ ಕುಡಿಯುವಷ್ಟು ಹೊತ್ತು ಪಾಠ ಹೇಳುತ್ತಾನೆ, ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ, ಮುಳುಗುತ್ತಾರೆ. ಹೆಬ್ಬೆರಳು ಎತ್ತಿದರೆ ನೀರಿನಲ್ಲಿ "ಮೇಲೆ ಹೋಗೋಣ" ಎಂದು ಅರ್ಥ ಎಂಬುದೂ ಅರ್ಧ ಜನಕ್ಕೆ ತಿಳಿದಿರುವುದಿಲ್ಲ.

ಸೋಮವಾರದ ಕಿವಿಗಳಲ್ಲಿ ನನಗೆ ನೆನಪಿರುವುದು ಒಬ್ಬ ಕಾಲೇಜು ಉಪನ್ಯಾಸಕರದು. ಕಿವಿ ತುಂಬಿದ ಹಾಗಾಗಿದೆ, ಮೂಗಿನಲ್ಲಿ ಸ್ವಲ್ಪ ರಕ್ತ ಬಂದಿದೆ. ಹೆಡ್‌ಫೋನ್ ಹಾಕಲು ಹೋದರೆ ಮುಖದ ಮುಂದೆ ಫೋನ್ ಹಿಡಿದರು.

"ಈ ಫೋಟೊ ನೋಡ್ರಿ ಮೇಡಂ, ಪಟ್ಟಾಪಟ್ಟಿ ಮೀನ. ಕೈಗೆ ಸಿಗೂವಷ್ಟ ಹತ್ರ ಇತ್ತು."

"ಮೀನ ಆರಾಮ ಕಾಣತೈತ್ರಿ. ನಿಮ್ಮ ಮೂಗಿನ್ಯಾಗ ರಕ್ತ ಯಾವಾಗ ಬಂತು, ಅದನ ಹೇಳ್ರಿ."

ಅವರ ಕಿವಿಯ ಪರದೆ ಒಳಕ್ಕೆ ಜಗ್ಗಿ ಕೆಂಪಾಗಿತ್ತು, ಹಿಂದೆ ಚೂರು ರಕ್ತ. ಪುಣ್ಯಕ್ಕೆ ಅಷ್ಟೇ. ಆಗ ವಿಭಾಗಕ್ಕೆ ಬಂದಿದ್ದ ಶೈಲಜಾ ಮೇಡಂ ಒಳ್ಳೆಯ ಡಾಕ್ಟರು, ನಾಲಿಗೆ ಮಾತ್ರ ದೊಡ್ಡ ಡಾಕ್ಟರಿಂದ ಎರವಲು ತಂದದ್ದು. ಕಿವಿಗೆ ನೀರು ಬಿಡಬೇಡಿ, ಮೂಗನ್ನು ಜೋರಾಗಿ ಸೀಟಬೇಡಿ, ಕೆಲವು ವಾರದಲ್ಲಿ ತಾನಾಗಿ ಸರಿಹೋಗುತ್ತದೆ, ಮತ್ತೆ ತೋರಿಸುವ ತನಕ ಮುಳುಗುವ ಮಾತಿಲ್ಲ ಎಂದರು.

"ಮುಂದಿನ ಐತವಾರ ಬುಕಿಂಗ್ ಆಗೈತಲ್ರಿ ಡಾಕ್ಟರ್?"

"ಹೋಗಿ ಬರ್ರಿ. ಬರೂ ಮುಂದ ಇನ್ನೊಂದ ಕಿವೀನೂ ಹಿಂಗ ಮಾಡ್ಕೊಂಡ ಬರ್ರಿ, ಜೋಡಿ ಛಲೋ ಕಾಣತಾವ."

ಹೀಗೆ ಬರುವವರೆಲ್ಲರ ಬಾಯಲ್ಲೂ ಒಂದೇ ವಿವರಣೆ. ಸಮುದ್ರದ ಹೆಸರು ಯಾರೂ ಎತ್ತುವುದಿಲ್ಲ. "ಘಾಟಿನ್ಯಾಗ ಕಿವಿ ಬಂದ್ ಆಗೈತ್ರಿ" ಎನ್ನುತ್ತಾರೆ. ಬೆಳಗಾವಿ, ಖಾನಾಪುರದ ಜನಕ್ಕೆ ಘಟ್ಟ ಹತ್ತಿ ಇಳಿಯುವಾಗ ಕಿವಿ ಮುಚ್ಚುವುದು ತೊಟ್ಟಿಲಿನಿಂದ ಗೊತ್ತು. ಆಕಳಿಸಿದರೆ, ಉಗುಳು ನುಂಗಿದರೆ, ಇಲ್ಲವೆ ಊರು ಮುಟ್ಟಿ ಚಹಾ ಕುಡಿದರೆ ತೆಗೆಯುತ್ತದೆ. ಹಾಗಾಗಿ ಗೋವಾದಿಂದ ಮರಳುವಾಗ ಕಿವಿಗೆ ಏನಾದರೂ ಸರಿ, ಅಪರಾಧಿ ಘಟ್ಟ. ಇಡೀ ಘಟ್ಟ ಇಳಿದರೂ ಕಿವಿಯ ಮೇಲೆ ಹೆಚ್ಚುವ ಒತ್ತಡ ಎದೆಮಟ್ಟದ ನೀರಿನಲ್ಲಿ ಮುಳುಗಿದಷ್ಟಿಲ್ಲ ಎಂದು ಮೇಡಂ ಎಷ್ಟು ಜನಕ್ಕೆ ಹೇಳಿದರೋ. ಹೂಂ ಅನ್ನುತ್ತಾರೆ, ಹೊರಗೆ ಹೋಗಿ ಹೆಂಡತಿಗೆ "ಘಾಟಿಂದಽ ಅಂತ" ಎನ್ನುತ್ತಾರೆ. ಘಟ್ಟವೆಂದ ಮೇಲೆ ಔಷಧ ಬೇಡ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಸಾಕು. ಪರದೆ ಹರಿದಿದೆಯೋ ಇಲ್ಲವೋ ಎಂದು ಎಣ್ಣೆಗೆ ಗೊತ್ತಿಲ್ಲ, ಸುರಿದವರಿಗಂತೂ ಗೊತ್ತೇ ಇಲ್ಲ. ಹರಿದ ಪರದೆಯ ಮೂಲಕ ಒಳಗಿಳಿದ ಎಣ್ಣೆ ಕೀವಾಗಿ ಹೊರಗೆ ಬರುವ ತನಕ ಎಲ್ಲರೂ ನೆಮ್ಮದಿಯಾಗಿರುತ್ತಾರೆ.

ಈಗ ಪರಶುರಾಮ.

ವಾರಕ್ಕೊಮ್ಮೆ, ಗುರುವಾರ, ನಾವು ಖಾನಾಪುರದಲ್ಲಿ ಶಿಬಿರ ನಡೆಸುತ್ತಿದ್ದೆವು. ಬಸ್ ಸ್ಟ್ಯಾಂಡಿನ ಹಾರ್ನ್ ಕಡಿಮೆ ಕೇಳುವ ಒಂದು ಹಿಂದಿನ ಕೋಣೆ ನಮ್ಮದು. ಅಲ್ಲಿ ಕಂಪ್ಯೂಟರ್ ಯಂತ್ರವಿಲ್ಲ. ಕಂಪಿಸುವ ಉಕ್ಕಿನ ಕವಲು, ಅಂದರೆ ಟ್ಯೂನಿಂಗ್ ಫೋರ್ಕ್, ಮತ್ತು ದೊಡ್ಡ ಡಾಕ್ಟರು ನಿವೃತ್ತರಾಗುವಾಗ ಬಿಟ್ಟುಹೋದ ಆ ಗಿರಗಿರಿ ಪೆಟ್ಟಿಗೆ, ಇವೆರಡೇ ನಮ್ಮ ಆಯುಧ. ಬಾಗಿಲಲ್ಲಿ ಮೂವರು ನಿಂತರು. ನಡುವೆ ಪರಶುರಾಮ, ಒಂದು ಕಡೆ ಅವನ ಹೆಂಡತಿ ರೇಣುಕಾ, ಇನ್ನೊಂದು ಕಡೆ ಅವನ ಅಣ್ಣನ ಹೆಂಡತಿ, ಎಲ್ಲರೂ ವೈನಿ ಎನ್ನುವ ಮರಾಠಿ ಮಾತಿನ ಹೆಣ್ಣುಮಗಳು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡೇ ಒಳಗೆ ಬಂದ. ಗಟ್ಟಿಮುಟ್ಟಾದ ಆಳು ಚೌಕಟ್ಟು ಹಿಡಿಯುತ್ತಾನೆಂದರೆ ಮೇಡಂ ಕುರ್ಚಿಯಿಂದ ಏಳುತ್ತಾರೆ. ಎದ್ದರು.

"ಏನಾಗೈತೋ?" ಎಂದು ನಾನು ಕೇಳಿದೆ.

"ಏನಿಲ್ಲರಿ ಅಕ್ಕಾರ. ಘಾಟಿನ್ಯಾಗ ಬಲಗಿವಿ ಬಂದ್ ಆಗೈತ್ರಿ."

"ಘಾಟ ಯಾವತ್ತ ಹತ್ತಿದಿ?"

"ಐತವಾರ."

"ಇವತ್ತ ಬೇಸ್ತವಾರ. ನಿನ್ನ ಘಾಟ ಇನ್ನೂ ಮುಗದಿಲ್ಲೇನೋ?"

ರೇಣುಕಾ ತಡೆಯಲಿಲ್ಲ. "ಖರೇ ಹೇಳ ಅವರ ಮುಂದ! ಗ್ಯಾರೇಜಿನ ದೋಸ್ತರ ಜೋಡಿ ಸಮುದ್ರದಾಗ ಮುಳಗಾಕ ಹೋಗಿದ್ದರಿ. ನಿನ್ನೆ ಗೇರ್‌ಬಾಕ್ಸ್ ಎತ್ತೂ ಮುಂದ ತಲಿ ತಿರಗಿ ಬಿದ್ದಾನ. ಅದು ಕಾಲಮ್ಯಾಲ ಬಿದ್ದಿದ್ರ?"

ಕಥೆ ತುಣುಕು ತುಣುಕಾಗಿ ಹೊರಬಂತು. ಅವನಿಗೆ ಮೊದಲೇ ನೆಗಡಿ. ದೋಣಿಯಲ್ಲಿ ಕೇಳಿದಾಗ ಇಲ್ಲವೆಂದಿದ್ದ. ಇದೆ ಎಂದರೆ ಇಳಿಸುವುದಿಲ್ಲವಲ್ಲ. ನೀರಿನಲ್ಲಿ ಸ್ವಲ್ಪ ಇಳಿಯುತ್ತಲೇ ಬಲಗಿವಿ ಕುಟುಕಿತು. ಹಾಗಾದರೆ ಅಲ್ಲೇ ನಿಂತು, ಸ್ವಲ್ಪ ಮೇಲೆ ಬಂದು, ನಿಧಾನವಾಗಿ ಕಿವಿಯೊಳಗಿನ ಗಾಳಿ ಸರಿಮಾಡಿಕೊಳ್ಳಬೇಕು. ಆಗದಿದ್ದರೆ ಹೊರಗೆ ಬರಬೇಕು.

"ದೋಸ್ತರ ಮುಂದ ಮ್ಯಾಲ ಹೆಂಗ ಬರೂದ್ರಿ? ನೀರಾಗ ಕರ್ಕೊಂಡ ಹೋದಂವಾ ಮೂಗ ಹಿಡದ ಊದ ಅಂತ ಕೈ ಮಾಡಿದ. ಡೀಸೆಲ್ ಪೈಪಿನ್ಯಾಗ ಕಚರಾ ಸಿಕ್ಕೊಂಡ್ರ ಹೆಂಗ ಊದತೀವಿ, ಹಂಗ ಊದೇಬಿಟ್ಟೆ."

"ಆಮ್ಯಾಲ?"

"ಟಪ್ ಅಂತರಿ. ನೋವು ಕಡಿಮಿ ಆತು. ಆದ್ರ ಸಮುದ್ರಽ ಗಿರಗಿರ ತಿರಗಾಕ ಹತ್ತಿತು."

ಮೇಲೆ ಬಂದಾಗ ವಾಂತಿ. ದೋಸ್ತರು ಸಮುದ್ರದ ಅಲೆ ಆಗಿಬರಲಿಲ್ಲ ಎಂದರು. ಅಣಮೋಡ ಘಟ್ಟ ಹತ್ತುವಾಗ ಕಿವಿ ಕಲ್ಲಾಯಿತು, ಘಟ್ಟ ಎಂದರು. ಒಬ್ಬನಂತೂ ಮತ್ತೊಮ್ಮೆ ಮೂಗು ಹಿಡಿದು ಜೋರಾಗಿ ಊದು ಎಂದು ಸಲಹೆಯನ್ನೂ ಕೊಟ್ಟ. ಇವನು ಊದಿದ. ಮನೆಯಲ್ಲಿ ವೈನಿಯ ಎಣ್ಣೆ ಕಾಯುತ್ತಿತ್ತು.

"ತೇಲ ಫಕ್ತ ಕೋಮಟ ಹೋತಂ ಓ ಡಾಕ್ಟರಬಾಯಿ" ಎಂದು ವೈನಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಎಣ್ಣೆ ಬರೀ ಉಗುರುಬೆಚ್ಚಗಿತ್ತು, ತನ್ನದೇನೂ ತಪ್ಪಿಲ್ಲ ಎಂದು.

"ಎಣ್ಣಿ ಬೆಚ್ಚಗ ಇದ್ರೇನು ತಣ್ಣಗ ಇದ್ರೇನು ಬಾಯಿ, ಅದನ್ನ ವಗ್ಗರಣಿಗೆ ಇಡ್ರಿ" ಎಂದು ಮೇಡಂ ಹತ್ತಿಯಿಂದ ಎಣ್ಣೆ ಒರೆಸುತ್ತ ಒಳಗೆ ನೋಡಿದರು. ಪರದೆ ಕೆಂಪಾಗಿತ್ತು, ಹರಿದಿರಲಿಲ್ಲ.

ಪರಶುರಾಮನಿಗೆ ಧೈರ್ಯ ಬಂತು. "ನಾ ಹೇಳಲಿಲ್ಲೇನ್ರಿ? ಕಿವಿ ಫಸ್ಟ್ ಕ್ಲಾಸ್ ಐತಿ. ಗಾಳಿಯಿಂದ ಸಪ್ಪಳ ಬರವಲ್ದು ಅಷ್ಟ. ಮಂಗಳವಾರ ಗ್ಯಾರೇಜಿನ್ಯಾಗ ನಾನಽ ಟೆಸ್ಟ್ ಮಾಡೀನಿ."

"ಹೆಂಗ ಮಾಡಿದ್ಯೋ ಸಾಹೇಬಾ?"

ಅವನು ಬೆರಳನ್ನು ಬಲಗಿವಿಯ ಹಿಂದಿನ ಎಲುಬಿಗೆ ಒತ್ತಿ ತೋರಿಸಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಕೆಯನ್ನು ಆ ಎಲುಬಿಗೆ ಆನಿಸಿ ಕೇಳುವುದು ಡೀಸೆಲ್ ಮಿಸ್ತ್ರಿಗಳ ಪದ್ಧತಿ. "ಇಲ್ಲಿ ಹಚ್ಚಿ ನೋಡೀನ್ರಿ. ಒಂದ, ಎರಡ, ಮೂರ, ನಾಕೂ ಸಿಲಿಂಡರ್ ಬ್ಯಾರೆ ಬ್ಯಾರೆ ಕೇಳತಾವ. ಕಿವಿ ಸತ್ತಿದ್ರ ಕೇಳತಿತ್ತೇನ್ರಿ? ಅದಕ್ಕಽ ಗಡಬಡಿ ಮಾಡಲಿಲ್ಲ."

ಇಷ್ಟು ವರ್ಷ ಎಣ್ಣೆಯವರನ್ನು ಕಂಡಿದ್ದೆ, ಘಟ್ಟದವರನ್ನು ಕಂಡಿದ್ದೆ. ಹೀಗೆ ಕಸುಬಿನ ಶಾಸ್ತ್ರಪ್ರಕಾರ ಮೋಸಹೋದವನನ್ನು ಅವತ್ತೇ ಕಂಡದ್ದು. ಯಾವ ಪರೀಕ್ಷೆಯ ಮೇಲೆ ಅವನ ಅನ್ನ ನಿಂತಿತ್ತೋ ಅದನ್ನೇ ಮಾಡಿ, ಮಂಗಳವಾರ, ಬುಧವಾರ ಎರಡೂ ದಿನ ಡಾಕ್ಟರ ಕಡೆ ಸುಳಿಯದೆ ಇದ್ದ.

ಮೇಡಂ ಫೋರ್ಕನ್ನು ಮೊಣಕೈಗೆ ಬಡಿದು ಅವನ ಹಣೆಯ ನಡುವೆ ಇಟ್ಟರು. "ಯಾವ ಬಾಜು ಕೇಳತೈತಿ?"

ಅವನು ಎಡಗಡೆ ತೋರಿಸಿದ.

ಮೇಡಂ ಮುಖದ ನಗೆ ಹೋಯಿತು. ಇದನ್ನು ಹೊಸಬರು ನೆನಪಿಡಬೇಕು. ಹಣೆಯ ಸಪ್ಪಳ ಕೆಟ್ಟ ಕಿವಿಯಲ್ಲೇ ಜೋರಾಗಿ ಕೇಳಿದರೆ ತೊಂದರೆ ಹೊರಬಾಗಿಲಲ್ಲಿ, ಪರದೆಯ ಆಸುಪಾಸು, ಸಾಮಾನ್ಯವಾಗಿ ಸರಿಹೋಗುತ್ತದೆ. ಒಳ್ಳೆಯ ಕಿವಿಯ ಕಡೆ ಸರಿದರೆ ಪೆಟ್ಟು ಒಳಮನೆಗೆ ಬಿದ್ದಿದೆ.

"ಹಿಂದ ಇಡ್ರಿ, ಎಲಬಿಗೆ ಇಡ್ರಿ" ಎಂದ ಪರಶುರಾಮ. ಇಟ್ಟರು. "ಹಾಂ! ಕೇಳತೈತಲ್ರಿ!"

ಮೇಡಂ ನನ್ನತ್ತ ನೋಡಿದರು. ನಾನು ಪೆಟ್ಟಿಗೆಗೆ ಚಾವಿ ಕೊಟ್ಟು ಅವನ ಎಡಗಿವಿಗೆ ಹಿಡಿದೆ. ಗಿರಗಿರ ಶುರುವಾಯಿತು. ಮೇಡಂ ಫೋರ್ಕ್ ಬಡಿದು ಮತ್ತೆ ಬಲಗಿವಿಯ ಹಿಂದೆ ಇಟ್ಟರು.

ಅವನು ಕಾಯುತ್ತಿದ್ದ.

"ಬಾರಸ್ರಿ" ಎಂದ, ಆ ಗದ್ದಲದಲ್ಲಿ ತನ್ನ ದನಿ ತನಗೇ ಕೇಳದೆ ಕೂಗಿ. ಮೇಡಂ ಮತ್ತೊಮ್ಮೆ ಬಡಿದು ಇಟ್ಟರು. ಅವನು ಕೈ ಎತ್ತಿ ಫೋರ್ಕಿನ ಕವಲನ್ನು ಬೆರಳ ತುದಿಯಿಂದ ಮುಟ್ಟಿದ. ಉಕ್ಕು ನಡುಗುವುದು ಆ ಬೆರಳಿಗೆ ಗೊತ್ತಿಲ್ಲದೆ ಇರುತ್ತದೆಯೆ? ನಡುಗುತ್ತಿತ್ತು. ಅವನು ಬೆರಳು ತೆಗೆದು ರೇಣುಕಾಳನ್ನು ನೋಡಿದ. ನಾನು ಪೆಟ್ಟಿಗೆ ಕೆಳಗಿಟ್ಟೆ.

"ಹಂಗಾರ ಮಂಗಳವಾರ ನಾ ಕೇಳಿದ್ದು..."

"ಎಡಗಿವಿಲೆ" ಎಂದರು ಮೇಡಂ. "ಬಲಗಿವಿ ಹೆಸರ ಹೇಳಿ ಎಡಗಿವಿ ಉಂಡೈತಿ. ಒಳಗಿವಿಗೆ ತೆಳು ಪರದೆದ ಸಣ್ಣ ಕಿಡಕಿ ಇರತೈತಿ, ಅದು ಸೀಳಿ ಒಳಗಿನ ನೀರ ಸೋರಾಕತ್ತಿರಬೇಕು. ಅದಕ್ಕಽ ಭಾರ ಎತ್ತಿದ್ರ ತಲಿ ತಿರಗತೈತಿ. ಇವತ್ತಽ ಬೆಳಗಾವಿಗೆ ನಡಿ, ಅಡ್ಮಿಟ್ ಆಗು."

"ಶನಿವಾರ ಒಂದ ಟ್ರ್ಯಾಕ್ಟರ್ ಕೊಡೂದೈತ್ರಿ ಡಾಕ್ಟರ್. ಸೋಮವಾರ ಬಂದ್ರ..."

"ಸೋಮವಾರ ಬಾ. ನಿನ್ನ ಕಿವಿ ಬರೂದಿಲ್ಲ."

ಆಸ್ಪತ್ರೆಯಲ್ಲಿ ಗೆರೆ ಎಳೆದೆ. ಎಡಗಿವಿಗೆ ಮಳೆ ಸಪ್ಪಳ ತುಂಬಿ ಬಲಗಿವಿಯನ್ನು ಕೇಳಿದಾಗ ಗೆರೆ ಕಾಗದದ ತಳಕ್ಕೆ, ಏನೂ ಕೇಳದವರ ಜಾಗಕ್ಕೆ, ಹೋಗಿ ಮಲಗಿತು. ತಲೆ ಎತ್ತರಿಸಿ ಮಲಗಿಸಿದರು. ಕೆಮ್ಮು, ಸೀನು, ಮುಕ್ಕರಿಯುವುದು ಯಾವುದೂ ಕೂಡದು. ಊತ ಇಳಿಸುವ ಔಷಧ ಶುರುವಾಯಿತು. ನೋಡಲು ಬಂದ ದೋಸ್ತರು ನಾಲ್ಕು ಜನ ಮಂಚದ ಸುತ್ತ ನಿಂತು, ಅವನನ್ನು ನಗಿಸಿ ಕೆಮ್ಮಿಸುವ ಕಾರ್ಯಕ್ರಮ ಹಾಕಿಕೊಂಡರು.

"ಒಂದ ಕಿವಿ ಐತಲ್ಲೋ ಇನ್ನೂ" ಎಂದ ಅವರ ಜೊತೆ ಬಂದಿದ್ದ ಗ್ಯಾರೇಜಿನ ಮಾಲೀಕ, ಸಮಾಧಾನ ಹೇಳುವ ದನಿಯಲ್ಲಿ. "ಮತ್ತ ಈಗೇನ ಸ್ಕ್ಯಾನರ್ ಬಂದೈತಿ. ಎಂಜಿನ್ನಿಗೆ ವೈರ್ ಚುಚ್ಚಿದ್ರ ಸಾಕು, ಏನ ಕೆಟ್ಟೈತಿ ಅಂತ ಸ್ಕ್ರೀನ್ ಮ್ಯಾಲ ಬರತೈತಿ. ಕಿವಿ ಯಾರ ಕೇಳ್ತಾರ ಈಗ?"

"ಹಳೀ ಟ್ರ್ಯಾಕ್ಟರಿಗೆ ನಿನ್ನ ವೈರ್ ಎಲ್ಲಿ ಚುಚ್ಚತಿ ಮಾಮಾ? ಟಾಯರಿಗೇನು?" ಎಂದ ಪರಶುರಾಮ, ತಲೆ ಅಲುಗಿಸದೆ.

ನಾನು ಅವರನ್ನು ಹೊರಗಟ್ಟಿದೆ. ಹೊರಗೆ ಹೋಗುತ್ತ ಒಬ್ಬ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾರ, ನಂದೂ ಕಿವಿ ಸ್ವಲ್ಪ ತುಂಬಿದಂಗ ಐತ್ರಿ, ಅವತ್ತಿಂದ. ಘಾಟಿಂದಿರಬೇಕು" ಎಂದ. ಅವನನ್ನು ರಟ್ಟೆ ಹಿಡಿದು ಮೇಡಂ ಮುಂದೆ ಕೂರಿಸಿದೆ. ಬರೀ ಪರದೆಯ ಊತ, ಸರಿಹೋಯಿತು. ಘಟ್ಟವನ್ನು ದೂರುವ ಚಾಳಿ ಮಾತ್ರ ಸರಿಹೋದ ಲಕ್ಷಣ ಕಾಣಲಿಲ್ಲ.

ಆದ್ದರಿಂದ ಹೊಸಬರಿಗೆ ಹೇಳುತ್ತೇನೆ, ಅವರ ಮೂಲಕ ನೀರಿಗಿಳಿಯುವ ಶೂರರಿಗೂ. ಬರೀ ತುಂಬಿದ ಹಾಗಿದ್ದರೆ ಒಂದೆರಡು ದಿನ ನೋಡಬಹುದು, ಹೋಗದಿದ್ದರೆ ತೋರಿಸಬೇಕು. ಕಿವಿ ಕೇಳಿಸದಾದರೆ, ಒಳಗೆ ಗುಂಯ್ ಎಂದು ಹೊಸ ಸಪ್ಪಳ ಶುರುವಾದರೆ, ತಲೆ ತಿರುಗಿದರೆ, ಕಿವಿಯಿಂದ ರಕ್ತ ಅಥವಾ ನೀರು ಬಂದರೆ, ಮುಖ ಒಂದು ಕಡೆ ಸೊಟ್ಟಗಾದರೆ, ನೋವು ತಡೆಯದಾದರೆ ಅವತ್ತೇ ಹೋಗಬೇಕು, ಅಲ್ಲೇ ಸಮುದ್ರದ ಕಡೆ ಇರುವ ಡಾಕ್ಟರ ಹತ್ತಿರ, ಘಟ್ಟ ಹತ್ತುವ ಮೊದಲು. ಎಷ್ಟು ಆಳ ಇಳಿದೆ, ತಲೆ ಯಾವಾಗ ತಿರುಗಿತು, ಇಳಿಯುವಾಗಲೋ ಮೇಲೆ ಬಂದ ಮೇಲೋ, ಇದನ್ನು ಮುಚ್ಚಿಡದೆ ಹೇಳಬೇಕು. ಆಳಕ್ಕೆ ಇಳಿದು ಬಂದವರ ತಲೆಸುತ್ತಿಗೆ ಬೇರೆ ಕಾರಣವೂ ಇರುತ್ತದೆ, ಚಿಕಿತ್ಸೆಯೂ ಬೇರೆ. ಎಣ್ಣೆ, ಕಡ್ಡಿ, ಇನ್ನೊಬ್ಬರ ಡ್ರಾಪ್ಸ್ ಬೇಡ. ಮತ್ತೆ ಮೂಗು ಹಿಡಿದು ಊದುವುದು ಬೇಡವೇ ಬೇಡ. ನೆಗಡಿ ಇದ್ದರೆ ದಡದಲ್ಲಿ ಕೂತು ಶೇಂಗಾ ತಿನ್ನಬೇಕು. ಮೀನುಗಳಿಗೆ ನಮ್ಮನ್ನು ನೋಡುವ ಆಸೆಯೇನೂ ಇಲ್ಲ.

ಔಷಧದಿಂದ ಪರಶುರಾಮನ ಗೆರೆ ಮೇಲೇಳಲಿಲ್ಲ. ಮೇಡಂ ಶಸ್ತ್ರಚಿಕಿತ್ಸೆ ಮಾಡಿ, ಅವನದೇ ಕಿವಿಯ ಹತ್ತಿರದ ಚೂರು ಅಂಗಾಂಶ ತೆಗೆದು ಸೋರುತ್ತಿದ್ದ ಕಿಟಕಿಗೆ ತೇಪೆ ಹಾಕಿದರು. ತಲೆ ತಿರುಗುವುದು ನಿಂತಿತು. ಕೇಳುವುದರ ಬಗ್ಗೆ ಕಾಯಬೇಕು ಎಂದರು. ಕಾದ. ಗ್ಯಾರೇಜಿನಲ್ಲಿ ಭಾರ ಎತ್ತುವಂತಿಲ್ಲ, ಕಂಪ್ರೆಸರ್ ಹತ್ತಿರ ಹೋಗುವಂತಿಲ್ಲ. ಮಾಲೀಕ ಬಾಗಿಲಲ್ಲಿ ಸ್ಟೂಲ್ ಹಾಕಿ ಗಿರಾಕಿಗಳ ಹೆಸರು ಬರೆದುಕೊಳ್ಳಲು ಕೂರಿಸಿದ್ದನಂತೆ. ಹಳೆಯ ಗಿರಾಕಿಗಳು ಬಂದು "ಕೇಳಿ ಹೇಳಪಾ" ಎಂದರೆ ಏನು ಹೇಳಬೇಕೋ ತಿಳಿಯದೆ ಚಹಾ ತರಿಸುತ್ತಿದ್ದನೆಂದು ರೇಣುಕಾ ಹೇಳಿದಳು.

ಕೊನೆಯ ಪರೀಕ್ಷೆಗೆ ಬಂದ ದಿನ ಅವನು ಕೈ ಎರಡು ಸಲ ತೊಳೆದು ಬಂದಿದ್ದ. ಉಗುರಿನ ಕಪ್ಪು ಹೋಗಿರಲಿಲ್ಲ. ಕೋಣೆಯಲ್ಲಿ ಕೂತು ಕಣ್ಣು ಮುಚ್ಚಿಕೊಂಡ. ಎಡಗಿವಿಗೆ ಮಳೆ ತುಂಬಿ, ಬಲಗಿವಿಗೆ ಕೆಳಗಿನ ದಪ್ಪ ಸ್ವರ ಬಿಟ್ಟೆ. ಬೆರಳು ಎದ್ದಿತು. ಇನ್ನೂ ಸಣ್ಣಗೆ ಬಿಟ್ಟೆ. ಎದ್ದಿತು. ನಡುವಿನ ಸ್ವರಗಳಿಗೆ ತಡವಾಗಿ, ಜೋರು ಮಾಡಿದ ಮೇಲೆ ಎದ್ದಿತು. ಮೇಲಿನ ತೆಳು ಸ್ವರಗಳಿಗೆ ಬಂದೆ. ಜೋರು ಮಾಡಿದೆ, ಇನ್ನೂ ಜೋರು ಮಾಡಿದೆ, ಯಂತ್ರದ ಕೊನೆಯ ತನಕ ಹೋದೆ. ಅವನ ಬೆರಳು ತೊಡೆಯ ಮೇಲೆ ಮಲಗಿತ್ತು. ಒಂದು ಸಲ ಸುಮ್ಮನೆ ಎದ್ದಿತು. ಆಗ ನಾನು ಏನೂ ಬಿಟ್ಟಿರಲಿಲ್ಲ.

"ಸುಳ್ಳ ಬಟ್ಟ ಎತ್ತಬ್ಯಾಡೋ" ಎಂದೆ, ಹೆಡ್‌ಫೋನ್ ತೆಗೆದು. "ಇದೇನ ನಿನಗ ನೌಕರಿ ಕೊಡೂ ಪರೀಕ್ಷಾ ಅಲ್ಲ."

"ನನಗ ಅದಽ ಅಲ್ಲೇನ್ರಿ?" ಎಂದ.

ಮೇಡಂ ಗೆರೆ ತೋರಿಸಿ ವಿವರಿಸಲು ಬಾಯಿ ತೆರೆದರು. ಅವನು ಕಾಗದ ತನ್ನತ್ತ ಎಳೆದುಕೊಂಡು ಕಪ್ಪು ಉಗುರಿನ ಬೆರಳಿಂದ ಎಡದಿಂದ ಬಲಕ್ಕೆ ತಾನೇ ಓದತೊಡಗಿದ. ಕೆಳಗಿನ ಸ್ವರಗಳ ಹತ್ತಿರ ಬೆರಳು ನಿಂತಿತು. "ಇದು ದೊಡ್ಡ ಬೇರಿಂಗಿನ ಗುಂಯ್. ಐತಿ. ಪಿಸ್ಟನ್ ಬಡಿಯೂದು, ಅದೂ ಐತಿ." ಗೆರೆ ಇಳಿಯುವಲ್ಲಿ ಬೆರಳೂ ನಿಧಾನವಾಗಿ ಇಳಿಯಿತು. "ಇಲ್ಲಿ ಟ್ಯಾಪೆಟ್. ಹೋತು. ಇಂಜೆಕ್ಟರಿನ ಟಿಕ್‌ಟಿಕ್..." ಕಾಗದದ ತಳ ಬಂದಿತ್ತು. "ಅದೂ ಹೋತು."

"ಎಡಗಿವಿ ಪೂರಾ ಛಲೋ ಐತಿ" ಎಂದರು ಮೇಡಂ. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಹಿಂದೆ ಕೇಳಿರಲಿಲ್ಲ. "ಅದರಲೆ ಕೇಳು."

"ಕೇಳತೈತ್ರಿ, ತಿಳಿಯೂದಿಲ್ಲ. ಇಷ್ಟ ವರ್ಷ ಕೆಲಸ ಮಾಡಿದ್ದು ಬಲಗಿವಿ. ಅದು ಮಿಸ್ತ್ರಿ ಆಗಿತ್ತು. ಎಡಗಿವಿ ಇನ್ನೂ ಹೆಲ್ಪರ್ ಐತ್ರಿ, ಪಾನಾ ಹಿಡಕೊಂಡ ಬಾಜು ನಿಂತಿದ್ದು."

"ಹೆಲ್ಪರ್ ಮಿಸ್ತ್ರಿ ಆಗೂದಿಲ್ಲೇನೋ?" ಎಂದೆ ನಾನು. "ನೀ ಆಗಲಿಲ್ಲಾ?"

ಅವನು ಕಾಗದ ಮಡಿಚಿ ಅಂಗಿಯ ಜೇಬಿಗೆ ಹಾಕಿ ಎದ್ದ.

"ಆಗೀನ್ರಿ ಅಕ್ಕಾರ. ಆರೇಳ ವರ್ಷ ಹಿಡೀತು, ದಿನಾ ಬೈಸ್ಕೊಂಡು" ಎಂದ. "ಆದ್ರ ನನಗ ಬಯ್ಯಾಕ ಒಬ್ಬ ಮಿಸ್ತ್ರಿ ಇದ್ದ. ಇದಕ್ಕ ಯಾರ ಅದಾರು?"